ಹಿಮಬಂಡೆ ಕಾಯುವ ರೆಗೀನೆಯ ಸೀಟಿ

ಗಡಿಯಾರ ಬೆಳಗಿನ ಐದು ಎನ್ನುತ್ತಿದೆ. ಅದನ್ನು ನಂಬದೆ ಬೇರೆ ದಾರಿಯಿಲ್ಲ, ಯಾಕೆಂದರೆ ಉತ್ತರ ಧ್ರುವಕ್ಕೆ ಹತ್ತಿರದ ನಮ್ಮ ನಾಯಾತ್ ಊರಿನಲ್ಲಿ ಸೂರ್ಯ ಮುಳುಗದೆ ಎರಡು ತಿಂಗಳಾಯಿತು. ಹಳದಿ ಬಣ್ಣದ ಮರದ ಮನೆಯ ಬಾಗಿಲು ತೆರೆದು ರೆಗೀನೆ ತೊಬಿಯಾಸೆನ್ ಹೊರಬರುತ್ತಾರೆ. ಅರವತ್ತೇಳು ವರ್ಷ, ಗಿಡ್ಡ ಮೈಕಟ್ಟು, ಮೊಣಕಾಲುದ್ದದ ರಬ್ಬರ್ ಬೂಟು, ಕೊರಳಲ್ಲಿ ಹಳೆಯ ದುರ್ಬೀನು, ದುರ್ಬೀನಿನ ಪಟ್ಟಿಗೆ ಗಂಟು ಹಾಕಿದ ಕಿತ್ತಳೆ ಬಣ್ಣದ ಒಂದು ಸೀಟಿ. ಇಳಿಜಾರಿನಲ್ಲಿ ಸರಪಳಿ ಹಾಕಿ ಕಟ್ಟಿದ ಜಾರುಬಂಡಿಯ ನಾಯಿಗಳು ತಲೆಯೆತ್ತಿ ನೋಡುತ್ತವೆ, ಓ ಇವರಾ ಎಂಬಂತೆ ಮತ್ತೆ ಮಲಗುತ್ತವೆ.

ರೆಗೀನೆ ಹೋಗುವುದು ಹೆಚ್ಚು ದೂರವೇನಲ್ಲ. ದಂಡೆಯ ಮೇಲೆ ಚಾಚಿಕೊಂಡಿರುವ ಕರಿಬಂಡೆಯ ನೆತ್ತಿಗೆ ಹೋಗಿ, ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ ಹಿಮಸಾರಂಗದ ತೊಗಲು ಹಾಸಿ ಕೂರುತ್ತಾರೆ. ಕೆಳಗೆ ನೂರಿಪ್ಪತ್ತು ಹೆಜ್ಜೆ ಉದ್ದದ ಮರಳ ದಂಡೆ. ಅಲ್ಲಿಂದ ಊರಿಗೆ ಹತ್ತಲು ಇಪ್ಪತ್ತೆರಡು ಮರದ ಮೆಟ್ಟಿಲು. ಮೆಟ್ಟಿಲು ಮುಗಿಯುವಲ್ಲಿ ಬಂಡೆಗೆ ಅಡ್ಡಲಾಗಿ ಎಳೆದ ಕೆಂಪು ಗೆರೆ, ಅಲೆ ಮುಟ್ಟದ ಎತ್ತರದ ಗುರುತು. ಪ್ರತಿ ಜೂನ್‌ನಲ್ಲಿ ದೋಣಿಗೆ ಬಳಿಯುವ ಬಣ್ಣದಿಂದ ಅದನ್ನು ರೆಗೀನೆಯೇ ತೀಡುತ್ತಾರೆ. ಎದುರಿಗೆ, ಕೊಲ್ಲಿಯ ಬಾಯಲ್ಲಿ, ಒಂಬತ್ತು ದಿನದಿಂದ ತಳ ಕಚ್ಚಿ ಕೂತಿರುವ ಹಿಮಬಂಡೆ. ನೀರಿನ ಮೇಲೆ ಕಾಣುವ ಭಾಗವೇ ನಮ್ಮ ಚರ್ಚಿನ ಗೋಪುರದ ಎರಡರಷ್ಟು ಎತ್ತರ.

ಬೇಸಿಗೆಯ ಹಡಗುಗಳಲ್ಲಿ ಬಂದ ಪ್ರವಾಸಿಗರು ದಂಡೆಯಲ್ಲಿರುವಷ್ಟು ಹೊತ್ತೂ ಅಲ್ಲಿಂದ ಕಣ್ಣು ಕೀಳದೆ ಕೂರುವುದು ರೆಗೀನೆಯ ಕೆಲಸ. ಪುರಸಭೆಯ ಕಾಗದದಲ್ಲಿ ಇದಕ್ಕೆ ‘ದಂಡೆ ಸಹಾಯಕಿ, ಬೇಸಿಗೆಗೆ ಮಾತ್ರ’ ಎಂದು ಹೆಸರು. ಊರಿನ ಪಡ್ಡೆಗಳು ಇಟ್ಟಿರುವ ಹೆಸರು ‘ಸೀಟಿಯಜ್ಜಿ’. ಎರಡನ್ನೂ ಅವರು ಕಿವಿಗೆ ಹಾಕಿಕೊಂಡಿಲ್ಲ.

ತಳ ಕರಗಿ ಹಗುರಾದ ಹಿಮಬಂಡೆ ಯಾವ ಗಳಿಗೆಯಲ್ಲಾದರೂ ಮಗ್ಗುಲು ಬದಲಿಸಬಹುದು. ಆಗ ಎದ್ದ ಅಲೆ ಈ ದಂಡೆಗೆ ಬರಲು ಒಂದೂವರೆ ನಿಮಿಷ ಸಾಕು. ಕೋಲೂರಿ ನಡೆಯುವ ಮುದುಕರು ಇಪ್ಪತ್ತೆರಡು ಮೆಟ್ಟಿಲು ಹತ್ತಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ರೆಗೀನೆ ತಮ್ಮ ಎಂಬತ್ತು ಮುಟ್ಟಿದ ಅಣ್ಣನನ್ನೇ ಹತ್ತಿಸಿ, ಏದುಸಿರು ಬಿಡಿಸಿ, ಗಡಿಯಾರ ನೋಡಿಕೊಂಡಿದ್ದಾರೆ. ಕೆಳಗೆ ಮೂರು ಭಾಷೆಗಳಲ್ಲಿ ಅಪಾಯದ ಫಲಕವೂ ಇದೆ. ಹಡಗಿನವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ನೆಟ್ಟಗೆ ನೀರಿನ ಹತ್ತಿರಕ್ಕೇ ಹೋಗುತ್ತಾರೆ.

ಈ ಬೇಸಿಗೆಗೆ ನಲವತ್ತೊಂದು ಹಡಗು. ರೆಗೀನೆ ಈ ಪೆಟ್ಟಿಗೆಯ ಮೇಲೆ ಕೂರುತ್ತಿರುವುದು ಏಳನೆಯ ವರ್ಷ. ಇಷ್ಟು ವರ್ಷದಲ್ಲಿ ಸೀಟಿ ಊದಿದ್ದು ಮೂರೇ ಸಲ. ಎರಡು ಸಲ ಬಂಡೆ ಮಗುಚಿತು, ದಂಡೆಯಲ್ಲಿ ಯಾರೂ ಇರಲಿಲ್ಲ, ಊರೂ ಮರೆಯಿತು. ಮೂರನೆಯ ಸಲದ್ದನ್ನು ಮಾತ್ರ ಯಾರೂ ಮರೆತಿಲ್ಲ, ಯಾಕೆಂದರೆ ಅವತ್ತು ಏನೂ ಆಗಲಿಲ್ಲ.

ಹಿಮಬಂಡೆಯ ಮನಸ್ಸು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ರೆಗೀನೆ ದುರ್ಬೀನು ಇಳಿಸದೆಯೇ ಉತ್ತರಿಸುತ್ತಾರೆ. “ಹಕ್ಕಿ ನೋಡ್ಬೇಕು. ಬಂಡೆ ಬುಡದಲ್ಲಿ ಕೂತಿರ್ತಾವಲ್ಲ ಕಡಲಹಕ್ಕಿ, ಅವು. ಒಂದೆರಡು ಎದ್ರೆ ಏನಿಲ್ಲ, ಮೀನು ಕಂಡಿರತ್ತೆ. ಎಲ್ಲಾ ಒಟ್ಟಿಗೆ ಎದ್ದು, ಒಂದೂ ಕೂಗದೆ ಹೋದ್ರೆ ಹೆದರ್ಬೇಕು. ಬಂಡೆ ಅಲ್ಲಾಡಿದ್ದು ಮೊದಲು ಅವುಗಳ ಕಾಲಿಗೆ ಗೊತ್ತಾಗತ್ತೆ.” ಹಕ್ಕಿಯ ಜೊತೆಗೆ ಹೆಬ್ಬೆರಳೂ ಇದೆ. ಅವರು ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಹಿಮಬಂಡೆಯ ಎಡಕ್ಕೆ ಕೊಂಬಿನಂತೆ ಚಾಚಿದ ತುದಿಗೂ ಆಚೆ ನಡುಗಡ್ಡೆಯ ಎಣ್ಣೆ ಟ್ಯಾಂಕಿಗೂ ನಡುವಿನ ಜಾಗವನ್ನು ಹೆಬ್ಬೆರಳಿನಿಂದ ಅಳೆಯುತ್ತಾರೆ. ನಿನ್ನೆ ಸಂಜೆ ಅದು ಒಂದು ಹೆಬ್ಬೆರಳು ಅಗಲವಿತ್ತು. ಇವತ್ತು ಅರ್ಧ ಹೆಬ್ಬೆರಳು, ಅಂದರೆ ಬಂಡೆ ವಾಲುತ್ತಿದೆ.

ಅವರು ಇನ್ನೊಮ್ಮೆ ಅಳೆಯುತ್ತಾರೆ. ಅರ್ಧವೇ. ಕೈ ಇಳಿಸಿ, ಕಾಫಿಯ ಫ್ಲಾಸ್ಕಿನ ಮುಚ್ಚಳ ತೆಗೆದು, ಕುಡಿಯದೆ ಮತ್ತೆ ಹಾಕುತ್ತಾರೆ.

ಏಳು ಗಂಟೆಗೆ ಬಿಳಿ ಹಡಗು ಕಾಣಿಸಿಕೊಳ್ಳುತ್ತದೆ. ಎಂಟೂವರೆಗೆ ಬಂದರಿನ ಅಧಿಕಾರಿ ಮಿನಿಕ್ ಕರಿಬಂಡೆ ಹತ್ತಿ ಬರುತ್ತಾರೆ. ವಯಸ್ಸು ಮೂವತ್ತನಾಲ್ಕು, ದೂರದ ಸಂಬಂಧದಲ್ಲಿ ರೆಗೀನೆಗೆ ಸೋದರಳಿಯ, ಅವರನ್ನು ಅತ್ತೆ ಎಂದೇ ಕರೆಯುವುದು. ರೆಗೀನೆ ತಮ್ಮ ಹೆಬ್ಬೆರಳಿನ ಲೆಕ್ಕ ಹೇಳಿ, ಇವತ್ತು ದಂಡೆ ಬೇಡ, ಹಡಗಿನವರನ್ನು ಮೀನಿನ ಧಕ್ಕೆಗೆ ಇಳಿಸು ಎನ್ನುತ್ತಾರೆ. ಧಕ್ಕೆಯಲ್ಲಿ ಮೀನಿನ ದೋಣಿಗಳು ಸರಕು ಇಳಿಸುತ್ತಿವೆ, ಕಾಲಿಡಲು ಜಾಗವಿಲ್ಲ ಎಂದು ಮಿನಿಕ್ ತಲೆ ಕೆರೆದುಕೊಳ್ಳುತ್ತಾರೆ. ದಂಡೆಯೂ ಇಲ್ಲವೆಂದರೆ ಹಡಗು ಇಲ್ಲಿ ನಿಲ್ಲದೆ ಮುಂದಿನ ಊರಿಗೆ ಹೋಗುತ್ತದೆ. ಹೋದ ವರ್ಷದ ಗಲಾಟೆಯ ನಂತರ ಎರಡು ಹಡಗು ಹಾಗೇ ಹೋಗಿವೆ. ಚರ್ಮದ ಕೆಲಸ ಮಾಡುವವರು, ಹಾಡುವವರು, ದೋಣಿಯವರು, ಎಲ್ಲರೂ ಬೇಸಿಗೆಗೆಂದೇ ಚಳಿಗಾಲವಿಡೀ ಕಾದವರು.

“ನಲವತ್ತೇ ನಿಮಿಷ, ಅತ್ತೆ. ಎರಡು ಹಾಡು, ಒಂದು ಕಾಫಿ, ಮೇಲಕ್ಕೆ ಕಳಿಸಿಬಿಡ್ತೀನಿ” ಎಂದು ಮಿನಿಕ್ ಬೇಡಿಕೊಳ್ಳುತ್ತಾರೆ. ಇಳಿಯುವ ಮುನ್ನ, ಮುಖ ನೋಡದೆ, ಇನ್ನೊಂದು ಮಾತು ಸೇರಿಸುತ್ತಾರೆ. “ಮೊದಲು ವಾಕಿಟಾಕಿಯಲ್ಲಿ ನನಗೆ ಹೇಳಿ. ಆಮೇಲೆ ಸೀಟಿ. ನೆನಪಿದೆ ಅಲ್ವಾ?”

ನೆನಪಿಲ್ಲದೆ ಏನು. ಹೋದ ಜುಲೈಯ ನಂತರ ಸಭೆ ಸೇರಿ ಊರವರು ಮಾಡಿದ ಕಟ್ಟಳೆ ಅದು. ಅವತ್ತೂ ಹಕ್ಕಿಗಳು ಒಟ್ಟಿಗೆ ಎದ್ದವು, ತುಟಿಪಿಟಕ್ಕೆನ್ನದೆ ಎದ್ದವು. ರೆಗೀನೆ ಸೀಟಿ ಊದಿದರು. ಎಪ್ಪತ್ತು ಜನ ಒಬ್ಬರ ಮೇಲೊಬ್ಬರು ಬಿದ್ದು ಮೆಟ್ಟಿಲು ಹತ್ತಿದರು, ಕಾಫಿಯ ಮೇಜು ಮಗುಚಿತು, ಹದಿನೈದು ಕೇಕು ಮರಳುಪಾಲಾಯಿತು, ಒಬ್ಬ ಪ್ರವಾಸಿ ಹೆಂಗಸಿನ ಮಣಿಕಟ್ಟು ಮುರಿಯಿತು. ಹಿಮಬಂಡೆ ಅಲ್ಲಾಡಲೇ ಇಲ್ಲ. ಅದರ ಹಿಂದಿನಿಂದ ಒಂದು ಕಡಲ ಹದ್ದು ಹಾರಿ ಬಂತು. ಹಕ್ಕಿಗಳು ಎದ್ದದ್ದು ಅದಕ್ಕೆ ಹೆದರಿ. ಆ ಹದ್ದಿನ ಮಾತು ಎತ್ತಿದರೆ ರೆಗೀನೆಯ ಕಿವಿ ಇವತ್ತಿಗೂ ಕೆಂಪಾಗುತ್ತದೆ.

ಒಂಬತ್ತಕ್ಕೆ ದಂಡೆಗೆ ಮೇಜು ಬರುತ್ತದೆ, ಹಿಂದೆಯೇ ದೊಡ್ಡ ಕಾಫಿ ಕೆಟಲು ಹೊತ್ತು ಲೊವೀಸೆ ಬರುತ್ತಾರೆ. ಊರಿನ ಹಾಡುವ ತಂಡಕ್ಕೆ ಲೊವೀಸೆಯೇ ಮುಂದಾಳು. ಐವತ್ತೇಳು ವರ್ಷ, ಮಣಿ ಪೋಣಿಸಿದ ಅಗಲ ಕೊರಳಪಟ್ಟಿ, ಎರಡು ಬೀದಿ ಆಚೆಗೂ ಕೇಳುವ ಗಂಟಲು. ಕೆಟಲು ಇಳಿಸಿ ಮೇಲೆ ನೋಡಿ, ಕೈ ಎತ್ತಿದರೂ ಎತ್ತದಂತೆ ಎತ್ತುತ್ತಾರೆ. ರೆಗೀನೆಯೂ ಹಾಗೇ. ಒಂದು ವರ್ಷದಿಂದ ಇಬ್ಬರ ನಡುವೆ ಇಷ್ಟೇ.

ಇದನ್ನು ಹೇಳಲು ಐವತ್ತೆಂಟು ವರ್ಷ ಹಿಂದಕ್ಕೆ ಹೋಗಬೇಕು. ಜೂನ್ ತಿಂಗಳು, ಅಮ್ಮಸ್ಸಾತ್ ಮೀನು ದಂಡೆಗೆ ಬರುವ ಕಾಲ. ಬೆರಳುದ್ದದ ಈ ಮೀನು ಬಂತೆಂದರೆ ಊರಿಗೆ ಊರೇ ನೀರಿಗಿಳಿಯುತ್ತದೆ. ಕಾಲು ನೆನೆಸಿಕೊಂಡು, ಹಿಡಿ ಇರುವ ಬಲೆಯಲ್ಲಿ ಬಾಚಿ ಬಾಚಿ ಬಕೆಟ್ಟಿಗೆ ಸುರಿಯುವುದು, ಬಂಡೆಗಳ ಮೇಲೆ ಹರಡಿ ಒಣಗಿಸುವುದು. ಒಂಬತ್ತು ವರ್ಷದ ರೆಗೀನೆ ಒಣಹಾಕುವ ಪಾಳಿಯಲ್ಲಿ ಮೇಲಿದ್ದರು. ಅವರ ತಂಗಿ, ಆರು ವರ್ಷದ ಪುಟ್ಟಿ, ಕೆಳಗೆ ಬಕೆಟ್ಟು ಹಿಡಿದು ನಿಂತಿದ್ದಳು. ಆ ಪುಟ್ಟಿಯ ಹೆಸರೂ ಲೊವೀಸೆ.

ಎದುರಿನ ಹಿಮಬಂಡೆಯಿಂದ ಹಕ್ಕಿಗಳೆಲ್ಲ ಸದ್ದಿಲ್ಲದೆ ಎದ್ದದ್ದನ್ನು ರೆಗೀನೆ ಕಂಡರು. ಕಂಡು ಕೂಗಲು ಬಾಯಿ ತೆರೆದರು. ಪಕ್ಕದಲ್ಲಿ ನಾಯಿಗಳಿಗೆ ಸೀಲ್ ಮಾಂಸ ಕತ್ತರಿಸುತ್ತಿದ್ದ ಅಣ್ಣ ಸಕಾರಿಯಾಸ್ ಅವರ ಬಾಯಿಗೆ ಅಂಗೈ ಒತ್ತಿ, ಶ್ ಎಂದರು.

ಅಣ್ಣ ಕೆಟ್ಟವರಲ್ಲ, ದಡ್ಡರೂ ಅಲ್ಲ. ಹಿಮಬಂಡೆಯ ಹತ್ತಿರ ದನಿ ಎತ್ತಬಾರದು ಎಂಬುದು ನಾಯಾತ್‌ನ ಮಕ್ಕಳು ನಡೆಯುವ ಮೊದಲೇ ಕಲಿಯುವ ಪಾಠ. ದೋಣಿಯಲ್ಲಿ ಬಂಡೆಯ ಪಕ್ಕ ಹಾಯುವಾಗ ಬೇಟೆಗಾರರು ಕೆಮ್ಮನ್ನೂ ನುಂಗಿಕೊಳ್ಳುತ್ತಾರೆ. ಸದ್ದು ಕೇಳಿದರೆ ಬಂಡೆ ಎಚ್ಚರಗೊಳ್ಳುತ್ತದಂತೆ. ಅದರ ಎದುರು ಊರಿನವರ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಕಾಲು ತಾನಾಗಿ ನಿಂತುಬಿಡುತ್ತದೆ. ಹಾಗಾಗಿ ರೆಗೀನೆ ಅವತ್ತು ಕೂಗಲಿಲ್ಲ. ತಂಗಿಯ ಕಿವಿಯಲ್ಲಿ ಮೆಲ್ಲಗೆ ಹೇಳೋಣವೆಂದು ಕೆಳಗೆ ಓಡಿದರು. ಅರ್ಧ ದಾರಿಯಲ್ಲಿದ್ದಾಗ ಅಲೆ ಬಂತು. ದಂಡೆಯಲ್ಲಿದ್ದ ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನ ಜೀವಂತ ಸಿಕ್ಕಿದರು.

“ಅಣ್ಣನ ತಪ್ಪು ಅಂತ ಬರೀಬೇಡಿ” ಎನ್ನುತ್ತಾರೆ ರೆಗೀನೆ. “ಅವನ ಜಾಗದಲ್ಲಿ ಯಾರಿದ್ರೂ ಬಾಯಿ ಮುಚ್ಚಿಸ್ತಿದ್ರು. ನಾನೂ ಮುಚ್ಚಿಸ್ತಿದ್ದೆ.” ಅಣ್ಣ ಆಮೇಲೆ ಆ ದಿನದ ಬಗ್ಗೆ ಒಂದು ಮಾತೂ ಆಡಿಲ್ಲ. ರೆಗೀನೆಯೂ ಕೇಳಿಲ್ಲ.

ಮರುವರ್ಷ ಊರಿನಲ್ಲಿ ಹುಟ್ಟಿದ ಮೊದಲ ಹೆಣ್ಣುಮಗುವಿಗೆ ಸತ್ತ ಪುಟ್ಟಿಯ ಹೆಸರಿಟ್ಟರು. ನಮ್ಮಲ್ಲಿ ಹೆಸರು ಬಂತೆಂದರೆ ಹೆಸರಿನವರೇ ಮರಳಿ ಬಂದರು ಎಂದು ಅರ್ಥ. ಹೆಸರಿಡುವ ದಿನ ಹತ್ತು ವರ್ಷದ ರೆಗೀನೆ ಪುಟ್ಟಿಯ ಸೀಲ್ ಚರ್ಮದ ಕೈಗವಸುಗಳನ್ನು ತಂದು ತೊಟ್ಟಿಲಲ್ಲಿಟ್ಟು, ತಗೋ ತಂಗಿ, ನಿನ್ನದೇ ಎಂದರು. ಅಲ್ಲಿಂದ ಇಲ್ಲಿಯವರೆಗೆ ಆಕೆಯನ್ನು ತಂಗಿ ಎಂದಲ್ಲದೆ ಹೆಸರು ಹಿಡಿದು ಕರೆದಿಲ್ಲ. ಮಗುವಿಗೆ ಆರು ತುಂಬಿದ ವರ್ಷ ದಂಡೆಗೆ ಇಳಿಯಲು ಬಿಡದೆ ಮನೆಯವರ ಪ್ರಾಣ ತಿಂದರು. ಏಳು ತುಂಬಿದ ದಿನ ಕೇಕು ಮಾಡಿ ಊರಿಗೆಲ್ಲ ಹಂಚಿದರು. ಮದುವೆಯಾಗಲಿಲ್ಲ, ಮೀನಿನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಚಾಕು ಹಿಡಿದರು, ಬಿಡುವು ಸಿಕ್ಕಾಗಲೆಲ್ಲ ಬಂದು ಈ ಕರಿಬಂಡೆಯ ಮೇಲೆ ಕೂತರು. ಪುರಸಭೆ ಅವರನ್ನು ಕೆಲಸಕ್ಕಿಟ್ಟುಕೊಂಡದ್ದು ಅವರು ಹೇಗೂ ಅಲ್ಲಿ ಕೂತೇ ಇರುತ್ತಿದ್ದರೆಂದು.

ಹೋದ ವರ್ಷ ಕೇಕುಗಳೆಲ್ಲ ಮರಳುಪಾಲಾದ ಮೇಲೆ ಲೊವೀಸೆ ಮೇಲೆ ಹತ್ತಿ ಬಂದು, ಎಲ್ಲರೆದುರು, ದನಿ ತಗ್ಗಿಸಿಯೇ ಹೇಳಿದರು: “ಅಕ್ಕಾ, ನೀನು ಸೀಟಿ ಊದೋದು ನನಗಲ್ಲ. ಆ ಮಗುಗೆ. ನಾನು ಬದುಕಿದೀನಿ, ನೋಡು. ಐವತ್ತಾರು ವರ್ಷದಿಂದ ಬದುಕಿದೀನಿ.”

ಒಂಬತ್ತೂ ಮುಕ್ಕಾಲಿಗೆ ರಬ್ಬರ್ ದೋಣಿಗಳು ಬರತೊಡಗುತ್ತವೆ. ಒಂದೊಂದರಲ್ಲಿ ಹತ್ತು ಜನ. ಕೆಂಪು ಕೋಟು ತೊಟ್ಟ ಪ್ರವಾಸಿಗರು ಒಬ್ಬರ ಕೈ ಒಬ್ಬರು ಹಿಡಿದು ಮರಳಿಗೆ ಕಾಲಿಡುತ್ತಾರೆ. ಹೆಚ್ಚಿನವರು ಎಪ್ಪತ್ತು ದಾಟಿದವರು. ನಡೆಯಲು ಕೋಲು ತಂದವರೇ ಹನ್ನೊಂದು ಜನ. ರೆಗೀನೆ ಮೊದಲು ಎಣಿಸುವುದು ಕೋಲುಗಳನ್ನೇ. ಹತ್ತೂ ಕಾಲರ ಹೊತ್ತಿಗೆ ದಂಡೆಯಲ್ಲಿ ಐವತ್ತೆಂಟು ಪ್ರವಾಸಿಗರು, ಹನ್ನೆರಡು ಹಾಡುಗಾರರು. ಒಂದು ಹಾಡು ಮುಗಿದು ಚಪ್ಪಾಳೆಯಾಗಿದೆ. ಒಣಮೀನಿನ ಚೂರು ಬಾಯಿಗಿಟ್ಟ ಒಬ್ಬಾತ ಅದನ್ನು ಉಗಿಯಲೂ ಆಗದೆ ನುಂಗಲೂ ಆಗದೆ ಹೆಂಡತಿಯ ಮುಖ ನೋಡುತ್ತಿದ್ದಾನೆ. ಎರಡನೆಯ ಹಾಡು ಶುರುವಾಗುತ್ತದೆ.

ರೆಗೀನೆಗೆ ಹಾಡು ಕೇಳುತ್ತಿಲ್ಲ. ಅವರು ಐದು ಗಂಟೆಯಿಂದ ಆರು ಸಲ ಹೆಬ್ಬೆರಳು ಹಿಡಿದಿದ್ದಾರೆ. ಈಗ ಬಂಡೆಯ ಕೊಂಬು ಎಣ್ಣೆ ಟ್ಯಾಂಕಿಗೆ ತಗುಲಿಕೊಂಡೇ ಇದೆ. ಬೆನ್ನ ಹಿಂದೆ, ನಾಯಿಗಳ ನಡುವೆ, ಅಣ್ಣ ಸಕಾರಿಯಾಸ್ ಎಂದಿನಂತೆ ಮಾಂಸದ ತಗಡಿನ ಡಬ್ಬ ಮಗುಚಿ ಹಾಕಿಕೊಂಡು ಕೂತಿದ್ದಾರೆ. ಅವರು ಸೀಟಿಯ ಕಡೆ ನೋಡುವುದೇ ಇಲ್ಲ. ಬಂಡೆಯ ಎದುರು ಊದಲು ಸೀಟಿ ಕೊಟ್ಟ ಪುರಸಭೆಗೆ ತಲೆ ಕೆಟ್ಟಿದೆ ಎಂಬುದು ಅವರ ಖಚಿತ ಅಭಿಪ್ರಾಯ.

ಹತ್ತು ಇಪ್ಪತ್ತೊಂದಕ್ಕೆ ಹಕ್ಕಿಗಳು ಏಳುತ್ತವೆ.

ಎಲ್ಲವೂ ಏಳುತ್ತವೆ, ಇನ್ನೂರು ಮುನ್ನೂರು, ಒಂದೂ ಕೂಗದೆ. ಆದರೂ ರೆಗೀನೆಯ ದುರ್ಬೀನು ಮೊದಲು ಹೋಗುವುದು ಆಕಾಶಕ್ಕೆ. ಹದ್ದು ಇದೆಯೇ? ಎಡಕ್ಕೆ ಇಲ್ಲ. ಬಲಕ್ಕೆ ಇಲ್ಲ. ಬಂಡೆಯ ನೆತ್ತಿಯ ಮೇಲೂ ಇಲ್ಲ. ಹತ್ತು ಸೆಕೆಂಡು ಹದ್ದಿಗೇ ಹೋಯಿತು. ಆಮೇಲೆ ದುರ್ಬೀನು ಬುಡಕ್ಕೆ ಇಳಿಯುತ್ತದೆ. ನೀರಿನಂಚಿನಲ್ಲಿ ಒಂದು ನೀಲಿ ಪಟ್ಟಿ ಕಾಣುತ್ತಿದೆ, ಒದ್ದೆಯಾಗಿ ಹೊಳೆಯುತ್ತಿದೆ. ಒಂದು ಕ್ಷಣದ ಹಿಂದೆ ಅದು ನೀರಿನೊಳಗಿತ್ತು. ಬಂಡೆ ಏಳುತ್ತಿದೆ.

ರೆಗೀನೆ ವಾಕಿಟಾಕಿಯ ಗುಂಡಿ ಒತ್ತಿ “ಮಿನಿಕ್” ಎನ್ನುತ್ತಾರೆ. ಮಿನಿಕ್ ಧಕ್ಕೆಯಲ್ಲಿ ಹಡಗಿನ ಕಪ್ತಾನನ ಜೊತೆ ಎರಡನೆಯ ತಂಡದ ಮಾತಿನಲ್ಲಿದ್ದಾರೆ. ಗೊರಗೊರ ಸದ್ದಿನ ನಡುವೆ ಉತ್ತರ ಬರುತ್ತದೆ: “ಒಂದ್ನಿಮಿಷ ಅತ್ತೆ, ಒಂದೇ ನಿಮಿಷ.”

ಆ ಒಂದು ನಿಮಿಷ ಅವರ ಬಳಿ ಇಲ್ಲ. ಊರು ಮಾಡಿದ ಕಟ್ಟಳೆ ಗೊತ್ತು, ಹದ್ದು ಗೊತ್ತು, ಇನ್ನೊಂದು ಸಲ ತಪ್ಪಾದರೆ ಈ ಪೆಟ್ಟಿಗೆಯ ಮೇಲೆ ಕೂರುವ ಹಕ್ಕು ಹೋಗುತ್ತದೆಂದೂ ಗೊತ್ತು. ಬಾಯಿ ಒಣಗಿದೆ. ಮೊದಲ ಊದಿಗೆ ಬರೀ ಗಾಳಿ ಬರುತ್ತದೆ. ಎರಡನೆಯದಕ್ಕೆ ಸೀಟಿ ಚೀರುತ್ತದೆ.

ಕೆಳಗೆ ಯಾರೂ ಓಡುವುದಿಲ್ಲ.

ಸೀಟಿ ಕೇಳಿದ್ದೇ ಹಾಡುಗಾರರು ಸಾಲಿನ ನಡುವೆ ಹಾಡು ನಿಲ್ಲಿಸಿ, ಹಿಮಬಂಡೆಯ ಕಡೆ ತಿರುಗಿ, ಉಸಿರು ಬಿಗಿಹಿಡಿದು ನಿಂತುಬಿಡುತ್ತಾರೆ. ಹನ್ನೆರಡು ಜನವೂ. ಚಿಕ್ಕಂದಿನಿಂದ ಮೈಗೆ ಹತ್ತಿದ್ದನ್ನೇ ಮೈ ಮಾಡಿತು. ಹೋದ ವರ್ಷ ಮೊದಲು ಓಡಿದ್ದು ಪ್ರವಾಸಿಗರು, ಊರವರು ಅವರ ಬೆನ್ನು ಹತ್ತಿದ್ದರು. ಈ ಸಲ ಪ್ರವಾಸಿಗರು ಊರವರ ಮುಖ ನೋಡುತ್ತಾರೆ. ಎಲ್ಲರೂ ಸುಮ್ಮನೆ ನಿಂತದ್ದು ಕಂಡು ಇದೇನೋ ಇಲ್ಲಿನ ಆಚಾರವಿರಬೇಕೆಂದು ತಾವೂ ಸುಮ್ಮನೆ ನಿಲ್ಲುತ್ತಾರೆ. ಕೆಲವರು ಟೋಪಿ ತೆಗೆಯುತ್ತಾರೆ. ಎಪ್ಪತ್ತು ಜನ ದಂಡೆಯ ಮೇಲೆ ಮೌನವಾಗಿ ಹಿಮಬಂಡೆಗೆ ಮುಖ ಮಾಡಿ ನಿಂತಿದ್ದಾರೆ. ಬಂಡೆಯ ಎಡಗೊಂಬು ನಿಧಾನವಾಗಿ ಬಾಗತೊಡಗಿದೆ.

ರೆಗೀನೆ ಮತ್ತೆ ಊದುತ್ತಾರೆ. ಯಾರೂ ಅಲುಗುವುದಿಲ್ಲ. ಈಗ ಕೂಗಬೇಕು. ಕೂಗಲು ಬಾಯಿ ತೆರೆದರೆ ದನಿ ಹೊರಡುತ್ತಿಲ್ಲ. ಐವತ್ತೆಂಟು ವರ್ಷದ ಹಿಂದಿನ ಅಂಗೈ ಇನ್ನೂ ಬಾಯಿಯ ಮೇಲಿತ್ತು ಎಂದು ಅವರು ಆಮೇಲೆ ಹೇಳುತ್ತಾರೆ, ಅದರ ಮಾಂಸದ ವಾಸನೆಯೂ ಬಂತಂತೆ. ಅವರು ಪೆಟ್ಟಿಗೆಯ ಮೇಲೆ ಹತ್ತಿ ನಿಲ್ಲುತ್ತಾರೆ.

“ಲೊವೀಸೆ.”

ಅದು ಕೂಗಲ್ಲ, ಬಿಕ್ಕಿದಂತೆ ಇದೆ. ಇನ್ನೊಮ್ಮೆ, ಹೊಟ್ಟೆಯೊಳಗಿನಿಂದ, ಕೊಲ್ಲಿಯ ಆಚೆ ದಡಕ್ಕೆ ಹೊಡೆದು ಮರಳುವಂತೆ: “ಲೊವೀಸೆ! ಹತ್ತು!”

ಕೆಳಗೆ ಲೊವೀಸೆ ತಲೆ ಎತ್ತುತ್ತಾರೆ. ಕೈಯಲ್ಲಿ ಕೆಟಲು. ಅಕ್ಕನ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಒಂದು ಗಳಿಗೆ ಹಾಗೇ ನೋಡುತ್ತಾರೆ. ಹಕ್ಕಿಯಿಲ್ಲದ ಬಂಡೆಯನ್ನೂ ನೋಡುತ್ತಾರೆ. ಆಗ ನಾಯಿಗಳ ಇಳಿಜಾರಿನಿಂದ ಢಣ್ ಎಂದು ಸದ್ದಾಗುತ್ತದೆ. ಎಂಬತ್ತು ವರ್ಷದ ಸಕಾರಿಯಾಸ್ ಎದ್ದು ನಿಂತು, ಕುಳಿತಿದ್ದ ತಗಡಿನ ಡಬ್ಬವನ್ನೇ ಎತ್ತಿಕೊಂಡು, ಕೋಲಿನಿಂದ ಬಾರಿಸುತ್ತಿದ್ದಾರೆ. ಮಾಂಸದ ಡಬ್ಬದ ಸದ್ದಿಗೆ ಇಳಿಜಾರಿನ ನೂರು ನಾಯಿಗಳೂ ಒಟ್ಟಿಗೆ ಊಳಿಡುತ್ತವೆ. ಮುದುಕರು ಬಾರಿಸುತ್ತಲೇ ಇದ್ದಾರೆ, ಓಡ್ರೋ, ಓಡ್ರೋ ಎಂದು ಕೂಗುತ್ತಲೂ ಇದ್ದಾರೆ.

ಲೊವೀಸೆ ಕೆಟಲು ಬಿಸಾಡಿ, ಹತ್ತಿರವಿದ್ದ ಮುದುಕಿಯ ರಟ್ಟೆ ಹಿಡಿದು, ತನ್ನ ತಂಡದ ಮೇಲೆ ಗದರುತ್ತಾರೆ. ಹಾಡುಗಾರರ ಮೈ ಬಿಡುತ್ತದೆ. ಒಬ್ಬೊಬ್ಬರು ಒಂದೊಂದು ಕೋಲಿನವರನ್ನು ಹಿಡಿದುಕೊಳ್ಳುತ್ತಾರೆ. ಮೆಟ್ಟಿಲುಗಳು ಕಿರುಗುಟ್ಟುತ್ತವೆ. ಬಂಡೆಯ ಕೊಂಬು ನೀರಿಗೆ ಬಡಿದ ಸದ್ದು ಆಗ ಬರುತ್ತದೆ, ನೆಲ ನಡುಗುತ್ತದೆ. ಇದುವರೆಗೆ ಯಾರೂ ಕಾಣದಿದ್ದ ಬಂಡೆಯ ಬುಡ, ಕಡುನೀಲಿಯಾಗಿ, ನೀರು ಸುರಿಸುತ್ತ ಮೇಲೆದ್ದು ನಿಲ್ಲುತ್ತದೆ.

ಒಂದೂವರೆ ನಿಮಿಷ. ರೆಗೀನೆಗೆ ಕೆಳಗೆ ಓಡಬೇಕೆನಿಸುತ್ತದೆ. ಕಾಲು ಎತ್ತಿಯೂ ಆಗಿದೆ. ಅವರು ಓಡುವುದಿಲ್ಲ. ಮೆಟ್ಟಿಲು ಇರುವುದೊಂದೇ, ಇಳಿಯುವವರು ಹತ್ತುವವರ ದಾರಿಗೆ ಅಡ್ಡ. ಪೆಟ್ಟಿಗೆಯಿಂದ ಇಳಿದು ಕೆಂಪು ಗೆರೆಗೆ ಬಂದು ನಿಂತು, ಬಂದವರ ಬೆನ್ನು ಮುಟ್ಟಿ ಆಚೆ ತಳ್ಳುತ್ತ ಎಣಿಸುತ್ತಾರೆ. ನಲವತ್ತು. ಐವತ್ತೆರಡು. ಅರವತ್ತು. ದಂಡೆಯ ನೀರು ಹಿಂದಕ್ಕೆ ಸರಿದು, ಎಂದೂ ಕಾಣದ ಪಾಚಿ ಹಿಡಿದ ಕಲ್ಲುಗಳು ಕಾಣುತ್ತವೆ. ಅರವತ್ತೇಳು, ಅರವತ್ತೆಂಟು. ಮೆಟ್ಟಿಲಲ್ಲಿ ಇನ್ನಿಬ್ಬರು: ಕೋಲು ಕಳೆದುಕೊಂಡ ಒಬ್ಬ ದಡೂತಿ ಮುದುಕ, ಅವನ ಬೆನ್ನಿಗೆ ಹೆಗಲು ಕೊಟ್ಟು ನೂಕುತ್ತಿರುವ ಲೊವೀಸೆ. ಎಂಟನೆಯ ಮೆಟ್ಟಿಲು. ಹತ್ತು. ಅಲೆ ದಂಡೆಗೆ ಹತ್ತುತ್ತದೆ. ಮೇಜು ಹೋಗುತ್ತದೆ, ಕೇಕುಗಳು ಹೋಗುತ್ತವೆ, ಮೂರು ಭಾಷೆಯ ಫಲಕ ಬುಡಸಮೇತ ಹೋಗುತ್ತದೆ. ಹದಿಮೂರು. ನೀರು ಹನ್ನೆರಡನೆಯ ಮೆಟ್ಟಿಲಿಗೆ ಬಡಿದು, ಲೊವೀಸೆಯ ಬೂಟು ತೋಯಿಸಿ, ಇಳಿಯುತ್ತದೆ.

ಎಪ್ಪತ್ತು.

ಮೊದಲ ಅಲೆಯ ಹಿಂದೆ ಇನ್ನೂ ಐದು ಬಂದವು. ಕ್ಯಾಮೆರಾ ಬಿಟ್ಟು ಬಂದಿದ್ದೇನೆ, ತಂದುಬಿಡುತ್ತೇನೆ ಎಂದ ಪ್ರವಾಸಿಯೊಬ್ಬನನ್ನು ರೆಗೀನೆ ಕೋಟಿನ ಕಾಲರು ಹಿಡಿದು ಕೂರಿಸಿದರು. ಅರ್ಧ ಗಂಟೆ ಯಾರನ್ನೂ ಇಳಿಯಲು ಬಿಡಲಿಲ್ಲ. ಒಬ್ಬರ ಕಾಲು ಉಳುಕಿತ್ತು, ಅಷ್ಟೇ. ಪ್ರವಾಸಿಗರಿಗೆ ಮೀನಿನ ಧಕ್ಕೆಯಲ್ಲಿ, ಮೀನಿನ ಪೆಟ್ಟಿಗೆಗಳ ನಡುವೆ, ಹೇಗೋ ಜಾಗ ಹುಟ್ಟಿತು. ಮಿನಿಕ್ ಮುಖ ಬಿಳಿಚಿಕೊಂಡು ಓಡಿ ಬಂದರು, ಅತ್ತೆಯ ಮುಂದೆ ನಿಂತು ಅವರ ವಾಕಿಟಾಕಿಯನ್ನು ತೆಗೆದುಕೊಂಡು, ಅದನ್ನು ಮತ್ತೆ ಅವರ ಕೈಗೇ ಕೊಟ್ಟು ಹೋದರು. ನಾಲ್ಕು ಗಂಟೆಗೆ ಹಡಗು ಹೊರಟಾಗ ಕಪ್ತಾನ ಬಂದರಿನ ಕಚೇರಿಗೆ ಕೃತಜ್ಞತೆ ಹೇಳಿದನಂತೆ. ಕರಿಬಂಡೆಯ ಮೇಲೆ ಕೂತಿದ್ದ ಹೆಂಗಸು ಯಾರು ಎಂದು ಅವನು ಕೇಳಲಿಲ್ಲ.

ಅಣ್ಣ ಸಕಾರಿಯಾಸ್ ಸಂಜೆ ಬಂದು ತಂಗಿಯ ಪಕ್ಕ ಕೂತರು. “ಡಬ್ಬ ಬಗ್ಗಿಹೋಯ್ತು” ಎಂದರು. ರೆಗೀನೆ, ಬೇರೆ ತಂದುಕೊಡ್ತೀನಿ ಬಿಡು ಎಂದರು. ಬೇಡ, ಇದೇ ಇರಲಿ ಎಂದರು ಅಣ್ಣ. ಅವರ ಕಣ್ಣು ತುಂಬಿತ್ತು. ಒರೆಸಿಕೊಳ್ಳದೆಯೇ ಎದ್ದು ಹೋದರು.

ಲೊವೀಸೆ ಬಂದದ್ದು ಅದಕ್ಕೂ ಆಮೇಲೆ, ಒಣಗಿದ ಬೂಟು ಹಾಕಿಕೊಂಡು, ಬೇರೆ ಕೆಟಲಿನಲ್ಲಿ ಕಾಫಿ ತೆಗೆದುಕೊಂಡು. ಇಬ್ಬರೂ ಕುಡಿದರು. ಲೊವೀಸೆ ತಮ್ಮ ಲೋಟದೊಳಗೆ ನೋಡುತ್ತ ಕೇಳಿದರು: “ಹೆಸರು ಹಿಡಿದು ಕೂಗಿದೆಯಲ್ಲ ಅಕ್ಕಾ. ಯಾರನ್ನ ಕೂಗಿದ್ದು?”

ಸುಳ್ಳು ಹೇಳಿ ರೆಗೀನೆಗೆ ಅಭ್ಯಾಸವಿಲ್ಲ.

“ಗೊತ್ತಿಲ್ಲ. ಹತ್ತಿ ಬಂದವಳು ನೀನು.”

ಮರುದಿನ ಗಡಿಯಾರದಲ್ಲಿ ಮತ್ತೆ ಐದು. ಮತ್ತೊಂದು ಹಡಗು ಬರಲಿದೆ. ರೆಗೀನೆ ಪೆಟ್ಟಿಗೆಯ ಮೇಲೆ ಕೂತು, ಮಗುಚಿ ಹೊಸ ಆಕಾರ ತಳೆದ ಬಂಡೆಗೆ ಹೊಸದಾಗಿ ಹೆಬ್ಬೆರಳು ಹಿಡಿಯುತ್ತಿದ್ದಾರೆ. ದಂಡೆಯಲ್ಲಿ ಕೇಕಿನ ತಟ್ಟೆಯೊಂದು ಪಾಚಿಯೊಳಗೆ ಸಿಕ್ಕಿಕೊಂಡಿದೆ.

ನಿಮಗೇನು ಬೇಕು ಎಂದು ಕೇಳಿದರೆ ಅವರಿಗೆ ನಾಚಿಕೆಯಾಗುತ್ತದೆ. ಪುರಸಭೆ ಒಂದು ಒಳ್ಳೆಯ ಕುರ್ಚಿ ಕೊಡುತ್ತೇನೆಂದಿದೆ, ಬೇಡವೆಂದಿದ್ದಾರೆ. ಕುರ್ಚಿಯಲ್ಲಿ ನಿದ್ದೆ ಬರುತ್ತದಂತೆ. ಆಮೇಲೆ, ದುರ್ಬೀನು ಕಣ್ಣಿಗಿಟ್ಟುಕೊಂಡೇ, ಒಂದು ಆಸೆ ಇದೆ ಎನ್ನುತ್ತಾರೆ. ಐವತ್ತೆಂಟು ವರ್ಷದಿಂದ ಅವರು ಅಮ್ಮಸ್ಸಾತ್ ಹಿಡಿಯಲು ಆ ನೀರಿಗೆ ಇಳಿದಿಲ್ಲ. ಊರೆಲ್ಲ ಕೆಳಗೆ ಮೀನು ಬಾಚುವಾಗ ಅವರು ಮೇಲೆ ಕಾಯುತ್ತಾರೆ.

“ಮುಂದಿನ ಜೂನ್‌ನಲ್ಲಿ ಒಂದು ಬೆಳಿಗ್ಗೆ ಸಾಕು. ಬಲೆ ಹಿಡಿದು ನೀರಲ್ಲಿ ನಿಂತ್ಕೋಬೇಕು. ಬಂಡೆಗೆ ಬೆನ್ನು ಹಾಕಿ” ಎನ್ನುತ್ತಾರೆ. ಹಾಗಾದರೆ ಇಲ್ಲಿ ಯಾರು ಕೂರುತ್ತಾರೆ ಎಂದರೆ, ಅವರು ಕೊರಳಿನ ಸೀಟಿಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ.

“ಲೊವೀಸೆ ಕೂರ್ತೀನಿ ಅಂದಿದಾಳೆ. ಅವಳಿಗೆ ಇದು ಬೇಕಾಗಲ್ಲ. ಅವಳ ಗಂಟಲು ಕೇಳಿದೀರಲ್ಲ?”